ಗಾದಿಯಮ್ಮನ ನಂಬರು

ಮೊದಲೇ ಹೇಳಿಬಿಡುತ್ತೇನೆ, ಆಕೆಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ತೀರಿಕೊಂಡವರ ಬಗ್ಗೆ ಬರೆಯುವಾಗ ಎಲ್ಲರೂ ನಾಲ್ಕು ಒಳ್ಳೆಯ ಮಾತು ಬರೆಯುತ್ತಾರೆ. ನಾನೂ ಬರೆಯುತ್ತೇನೆ. ಆದರೆ ಆ ಒಳ್ಳೆಯ ಗುಣಗಳೇ ನನ್ನನ್ನು ಏಳೆಂಟು ವರ್ಷ ಸುಟ್ಟವು ಎಂಬುದನ್ನು ಬಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ.

ಮಸ್ಕಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಮನೆ ಆಕೆಯದು. ಹತ್ತಿ ಹಿಂಜಿ ಗಾದಿ, ದಿಂಬು ತುಂಬುವ ಮನೆತನ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಹಿಂಜುವ ಮಷಿನ್ನು ಮಗ ನಡೆಸುತ್ತಿದ್ದ, ತುಂಬುವುದು ಹೊಲಿಯುವುದು ಆಕೆಯ ಕೆಲಸ. ಹೆಸರು ಇಲ್ಲಿ ಬೇಡ. ಓಣಿಯಲ್ಲಿ ಹಿಂದೂಗಳು, ಮುಸಲ್ಮಾನರು ಎಲ್ಲರೂ ಗಾದಿಯಮ್ಮ ಎಂದೇ ಕರೆಯುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನೋ, ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ನಮ್ಮಿಬ್ಬರಿಗೂ ಬಂದದ್ದು ಮಾತ್ರ ಒಂದೇ ಕಾಯಿಲೆ.

ಎದೆಬಡಿತ ತಾಳ ತಪ್ಪುವ ಕಾಯಿಲೆ ಅದು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಅದುರುತ್ತವೆ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅದಕ್ಕಾಗಿ ರಕ್ತ ತೆಳುವಾಗಿಸುವ ಗುಳಿಗೆ. ಹೆಚ್ಚು ತೆಳುವಾದರೆ ಎಲ್ಲೆಂದರಲ್ಲಿ ರಕ್ತ ಸೋರುತ್ತದೆ, ಕಡಿಮೆಯಾದರೆ ಮತ್ತೆ ಲಕ್ವದ ಭಯ. ಹಾಗಾಗಿ ತಿಂಗಳಿಗೊಮ್ಮೆ ರಕ್ತ ಕೊಟ್ಟು ಪರೀಕ್ಷೆ ಮಾಡಿಸಬೇಕು. ಒಂದು ನಂಬರು ಬರುತ್ತದೆ. ನಮ್ಮಿಬ್ಬರದೂ ಎರಡು ಮತ್ತು ಮೂರರ ನಡುವೆ ಇರಬೇಕೆಂದು ಡಾಕ್ಟರು ಹೇಳಿದ್ದರು. ಊರ ಮಕ್ಕಳಿಗೆಲ್ಲ ಅಂಕ ಹಾಕಿದ ನಾನು ಅರವತ್ತು ದಾಟಿದ ಮೇಲೆ ಹೀಗೆ ಮತ್ತೆ ಅಂಕಕ್ಕಾಗಿ ಕಾಯುವವನಾದೆ.

ಡಾಕ್ಟರು ಲಿಂಗಸುಗೂರಿನವರು. ಒಂದು ಮಂಗಳವಾರ ಬೆಳಗಿನ ಬಸ್ಸಿನಲ್ಲಿ ಆಕೆ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬಸ್ಸಿಳಿದು ನಾನು ಹೋದ ದಾರಿಯಲ್ಲೇ ಬಂದಳು, ನಾನು ಹತ್ತಿದ ಮೆಟ್ಟಿಲನ್ನೇ ಹತ್ತಿದಳು, ನಾನು ಕೂತ ಬೆಂಚಿನ ಇನ್ನೊಂದು ತುದಿಗೆ ಕೂತಳು.

"ನಿಮ್ದೂ ಎದಿದ ಏನ್ರಿ ಸರ?" ಎಂದು ಕೇಳಿದಳು.

ಹೌದೆಂದೆ. ಆಕೆಯ ಮುಖದಲ್ಲಿ ನೆಂಟರು ಸಿಕ್ಕಷ್ಟು ಖುಷಿ ಕಂಡಿತು. ಅಂದಿನಿಂದ ತಿಂಗಳಿಗೊಂದು ಮಂಗಳವಾರ ಅದೇ ಬಸ್ಸು, ಅದೇ ಬೆಂಚು.

ಮೊದಲ ದಿನವೇ ನನ್ನ ಸೋಲು ಶುರುವಾಯಿತು. ಒಳಗೆ ಹೋಗಿ ನಾನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ನನ್ನ ತೊಂದರೆ ಹೇಳಿದೆ. ಅವರು ತಲೆಯಾಡಿಸಿದರು, ಅಷ್ಟೇ. ಆಕೆಯನ್ನು ಕೇಳಿದಾಗ ಆಕೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಹೇಳಿದಳು, "ಹಿಂಜೋ ಮಷಿನ್ಯಾಗ ಕಡ್ಡಿ ಸಿಕ್ಕಾಗ ಒಂದು ನಮೂನಿ ಸಪ್ಪಳ ಬರ್ತೈತಲ್ರಿ, ಒಮ್ಮೆ ಗಡಗಡ, ಒಮ್ಮೆ ಗಪ್ಪ, ಮತ್ತ ಗಡಗಡ. ಹಂಗ ಆಗಾಕತ್ತೈತ್ರಿ." ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಆಮೇಲೆ ಎಷ್ಟೋ ತಿಂಗಳು ಬೇರೆ ರೋಗಿಗಳಿಗೆ, "ನಿಮಗ ಹಿಂಜೋ ಮಷಿನ್ನಿನಂಗ ಆಗ್ತೈತೇನು?" ಎಂದು ಕೇಳುವುದನ್ನು ನಾನೇ ಕೇಳಿದ್ದೇನೆ. ನನ್ನ ಇಂಗ್ಲಿಷನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಆಕೆಗೆ ಎದೆಯ ಜೊತೆ ಬಿಪಿ ಇತ್ತು, ವರ್ಷಗಟ್ಟಲೆ ಹತ್ತಿಯ ದೂಳು ಕುಡಿದು ಬಂದ ದಮ್ಮು ಇತ್ತು. ನನಗೆ ಬಿಪಿ, ಸಕ್ಕರೆ, ಥೈರಾಯ್ಡ್, ಮೊಣಕಾಲು ನೋವು. ಆಕೆಗೆ ದಿನಕ್ಕೆ ಏಳು ಗುಳಿಗೆ, ನನಗೆ ಒಂಬತ್ತು. ಆಕೆಗಿಂತ ನನ್ನದು ಹೆಚ್ಚಿದ್ದದ್ದು ಇದೊಂದೇ ಲೆಕ್ಕದಲ್ಲಿ, ಅದರಲ್ಲೂ ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೆ ಎಂದರೆ ನನ್ನ ಸ್ಥಿತಿ ನಿಮಗೆ ಅರ್ಥವಾಗಬೇಕು.

ಗುಳಿಗೆಗಳನ್ನು ಇಟ್ಟುಕೊಳ್ಳಲು ನಾನು ಸಿಂಧನೂರಿನಿಂದ ಪ್ಲಾಸ್ಟಿಕ್ ಡಬ್ಬಿ ತಂದಿದ್ದೆ. ಒಂದು ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಗೆರೆ ಹೊಡೆದು ದಿನವೂ ಟಿಕ್ ಹಾಕುತ್ತಿದ್ದೆ. ಆಕೆ ಗಾದಿ ಹೊಲಿಯುವ ಪಟ್ಟೆಪಟ್ಟೆ ಬಟ್ಟೆಯ ತುಂಡಿನಲ್ಲಿ ದಿನಕ್ಕೊಂದರಂತೆ ಏಳು ಸಾಲು ಚಿಕ್ಕ ಚಿಕ್ಕ ಜೇಬು ಹೊಲಿದುಕೊಂಡಿದ್ದಳು. ಬೆಳಗಿನ ಜೇಬಿಗೆ ಬಿಳಿ ದಾರ, ಮಧ್ಯಾಹ್ನದ್ದಕ್ಕೆ ಕೆಂಪು, ರಾತ್ರಿಯದಕ್ಕೆ ಕಪ್ಪು. ರಕ್ತದ ಗುಳಿಗೆ ಆಕೆಗೆ ವಾರದಲ್ಲಿ ಎರಡು ದಿನ ಒಂದು, ಉಳಿದ ದಿನ ಒಂದೂವರೆ. ಆ ಅರ್ಧ ಗುಳಿಗೆಯ ದಿನಗಳಿಗೆ ಜೇಬಿನ ಬಾಯಿಗೆ ಒಂದು ಅಡ್ಡ ಹೊಲಿಗೆ. ಗೋಡೆಯ ಮೊಳೆಗೆ ಅದು ತೂಗುತ್ತಿತ್ತು. ಜೇಬು ಖಾಲಿ ಇದ್ದರೆ ನುಂಗಿದಂತೆ, ಇಲ್ಲದಿದ್ದರೆ ಇಲ್ಲ. ಡಾಕ್ಟರು ಅದರ ಫೋಟೋ ತೆಗೆದುಕೊಂಡು ಬಂದಬಂದವರಿಗೆಲ್ಲ ತೋರಿಸಿದರು. ನಾನು ರಿಜಿಸ್ಟರು ತೋರಿಸಿದಾಗ, "ಚೊಲೋ ಐತ್ರಿ ಸರ," ಎಂದು ಮಡಚಿ ವಾಪಸು ಕೊಟ್ಟರು.

ಒಂದು ಸಲ ಆಕೆ ನನಗೂ ಅಂಥದೊಂದು ಹೊಲಿದು ತಂದಳು. ನನ್ನ ಒಂಬತ್ತು ಗುಳಿಗೆಗೆ ಸರಿಯಾಗಿ ಲೆಕ್ಕ ಹಾಕಿ, ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕೆಂದು ಅದಕ್ಕೆ ಬೇರೆ ಜೇಬು ಇಟ್ಟಿದ್ದಳು. ನನ್ನ ಗುಳಿಗೆಗಳ ಲೆಕ್ಕ ಆಕೆಗೆ ಹೇಗೆ ಗೊತ್ತಾಯಿತೆಂದರೆ ನನ್ನ ಹೆಂಡತಿಯನ್ನು ಕೇಳಿದ್ದಳು. ನಾನು ಥ್ಯಾಂಕ್ಸ್ ಹೇಳಿ ಕಪಾಟಿನಲ್ಲಿಟ್ಟೆ. ಒಂದು ದಿನವೂ ಬಳಸಲಿಲ್ಲ.

ಇನ್ನು ಆ ನಂಬರಿನ ವಿಷಯ. ಆಕೆಯದು ಎರಡೂವರೆ, ಎರಡು ಪಾಯಿಂಟ್ ನಾಲ್ಕು, ಎರಡು ಪಾಯಿಂಟ್ ಆರು. ತಿಂಗಳ ಮೇಲೆ ತಿಂಗಳು ಹೀಗೇ. ನನ್ನದು ಒಂದು ತಿಂಗಳು ಒಂದೂವರೆ, ಮರು ತಿಂಗಳು ನಾಲ್ಕು. ರಕ್ತದ ಗುಳಿಗೆಗೂ ಸೊಪ್ಪಿಗೂ ಆಗಿಬರುವುದಿಲ್ಲವೆಂದು ನಾನು ಮೊಬೈಲಿನಲ್ಲಿ ಓದಿ ಸೊಪ್ಪನ್ನೇ ಬಿಟ್ಟುಬಿಟ್ಟಿದ್ದೆ. ಮೂರು ವಾರ ಬಿಡುತ್ತಿದ್ದೆ, ನಾಲ್ಕನೆಯ ವಾರ ಬಾಯಿ ತಡೆಯುತ್ತಿರಲಿಲ್ಲ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ ಕೂತರೆ ಎದುರಿಗೆ ಪುಂಡಿಸೊಪ್ಪಿನ ಪಲ್ಯ, ಭಜ್ಜಿ, ಸಜ್ಜಿರೊಟ್ಟಿ. ಯಾವ ಮೊಬೈಲಿನ ಮಾತು ನೆನಪಿಗೆ ಬರುತ್ತದೆ? ಮರುವಾರ ನಂಬರು ನೆಲಕ್ಕೆ ಬಿದ್ದಿತ್ತು.

ಆಕೆ ದಿನಾ ಪುಂಡಿಪಲ್ಯ ತಿನ್ನುತ್ತಿದ್ದಳು. ಇದನ್ನು ಬಸ್ಸಿನಲ್ಲಿ ಬುತ್ತಿ ಬಿಚ್ಚಿದಾಗ ನೋಡಿ ನನಗೆ ಸಂತೋಷವೇ ಆಯಿತು, ಡಾಕ್ಟರ ಮುಂದೆ ಹೇಳಿಬಿಟ್ಟೆ. "ಇವರು ದಿನಾ ಪುಂಡಿಪಲ್ಯ ತಿಂತಾರ್ರಿ."

"ಎಷ್ಟು ತಿಂತೀರಮ್ಮಾ?" ಡಾಕ್ಟರು ಕೇಳಿದರು.

"ಒಂದು ಹಿಡಿರಿ. ಹಬ್ಬ ಇದ್ರೂ ಒಂದು ಹಿಡಿ, ಹಬ್ಬ ಇರ್ಲಿಲ್ಲಂದ್ರೂ ಒಂದು ಹಿಡಿ. ಗಾದಿಗೆ ಹತ್ತಿ ತುಂಬೋದು ಹಂಗಾರಿ. ಒಂದು ಕಡಿ ಹೆಚ್ಚು ಒಂದು ಕಡಿ ಕಡಿಮಿ ಆತಂದ್ರ ಮಲಗಿದವ್ರ ಬೆನ್ನು ಹಿಡೀತೈತಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಸರ, ಇವರನ್ನ ನೋಡಿ ಕಲೀರಿ. ಸೊಪ್ಪು ಬಿಡ್ರಿ ಅಂತ ನಿಮಗ ಯಾರು ಹೇಳ್ಯಾರ? ದಿನಾ ಒಂದೇ ಅಳತಿ ತಿನ್ರಿ, ಅದಕ್ಕ ತಕ್ಕಂಗ ನಾನು ಗುಳಿಗಿ ಹಾಕ್ತೀನಿ." ಚಾಡಿ ಹೇಳಲು ಹೋಗಿ ಬೈಸಿಕೊಂಡು ಬಂದೆ. ಮೂವತ್ತೈದು ವರ್ಷದಲ್ಲಿ ನನ್ನ ತರಗತಿಯಲ್ಲಿ ಚಾಡಿ ಹೇಳಿದ ಎಷ್ಟು ಮಕ್ಕಳನ್ನು ನಾನು ಹೀಗೆ ಕೂರಿಸಿದ್ದೆನೋ.

ರಮಜಾನಿನಲ್ಲಾದರೂ ಆಕೆಯ ನಂಬರು ಕೆಡುತ್ತದೆಂದು ಕಾದೆ. ಹೌದು, ಕಾದೆ. ಆಕೆ ತಿಂಗಳ ಮೊದಲೇ ಡಾಕ್ಟರನ್ನು ಕೇಳಿ ಗುಳಿಗೆಯ ಹೊತ್ತು ಬದಲಿಸಿಕೊಂಡಳು, ನಡುವೆ ಒಮ್ಮೆ ಹೆಚ್ಚಿಗೆ ರಕ್ತ ಕೊಟ್ಟು ಬಂದಳು. ಎರಡು ಪಾಯಿಂಟ್ ಮೂರು. ಅದೇ ವರ್ಷ ಶಿವರಾತ್ರಿಗೆ ನಾನು ಯಾರನ್ನೂ ಕೇಳದೆ ಒಂದು ದಿನ ಉಪವಾಸ ಮಾಡಿ, ಸಕ್ಕರೆಯ ಗುಳಿಗೆ ಮಾತ್ರ ತಪ್ಪದೆ ನುಂಗಿ, ಗುಡಿಯ ಕಟ್ಟೆಯ ಮೇಲೆ ಕಣ್ಣಿಗೆ ಕತ್ತಲೆ ಬಂದು ಕೂತಿದ್ದೆ. ಬಾಯಿಗೆ ಬೆಲ್ಲ ಹಾಕಿದವಳು ಇದೇ ಗಾದಿಯಮ್ಮ. ಅದಕ್ಕೂ ನನಗೆ ಸಿಟ್ಟು ಬಂದಿತ್ತು.

ಗುಳಿಗೆಗಳ ಬಗ್ಗೆ ಆಕೆ ಮಾತಾಡುವ ರೀತಿಯೇ ಬೇರೆ. ಒಮ್ಮೆ ಎದೆಬಡಿತ ನಿಧಾನ ಮಾಡುವ ಹೊಸ ಗುಳಿಗೆಯಿಂದ ಆಕೆಯ ದಮ್ಮು ಹೆಚ್ಚಾಯಿತು. ನಾನಾಗಿದ್ದರೆ ತಿಂಗಳಿಡೀ ನುಂಗುತ್ತಿದ್ದೆನೋ, ಬಿಟ್ಟುಬಿಡುತ್ತಿದ್ದೆನೋ. ಆಕೆ ಮೂರನೆಯ ದಿನವೇ ಬಸ್ಸು ಹತ್ತಿ ಹೋಗಿ ಬದಲಿಸಿಕೊಂಡು ಬಂದಳು. "ಇವು ಒಂದ ಮನಿ ಸೊಸಿಯರಿದ್ದಂಗ್ರಿ ಸರ. ಹೊಸಬಾಕಿ ಬಂದ ಕೂಡ್ಲೆ ಹಳೇಬಾಕಿ ಮುಖ ನೋಡ್ಬೇಕು. ಸಿಟ್ಟಾಗ್ಯಾಳೇನು ಅಂತ," ಎಂದಳು. ನನ್ನ ಹೆಂಡತಿ ಈ ಮಾತಿಗೆ ಬಿದ್ದು ಬಿದ್ದು ನಕ್ಕಳು. ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕದ್ದು ನೆನಪಿಲ್ಲ.

ಈ ಹೊಸ ಸೊಸೆಯ ಮಾತು ಬಂದದ್ದರಿಂದ ಹೇಳಬೇಕಾದ್ದಕ್ಕೆ ಬರುತ್ತೇನೆ.

ನಮ್ಮಿಬ್ಬರಿಗೂ ಡಾಕ್ಟರು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ ಕೊಟ್ಟಿದ್ದರು. ರಕ್ತದ ಗುಳಿಗೆ ನುಂಗುವವರು ತಮ್ಮನ್ನು ಕೇಳದೆ ಮುಟ್ಟಬಾರದ ಔಷಧಗಳ ಪಟ್ಟಿ ಅದು. ಆಕೆಗೆ ಓದು ಬಾರದ್ದರಿಂದ ನನ್ನ ಎದುರೇ ಹೇಳಿದ್ದರು, "ಬ್ಯಾರೆ ಯಾವ ಡಾಕ್ಟರ್ ಏನು ಹೊಸ ಗುಳಿಗಿ ಕೊಟ್ರೂ ಮೊದ್ಲು ಸರ ಕಡೆ ಓದಸ್ರಿ. ಈ ಪಟ್ಟಿಯೊಳಗಿದ್ರ ಸರ ನನಗ ಫೋನ್ ಮಾಡ್ತಾರ." ಆಕೆ ಚಾಚೂ ತಪ್ಪದೆ ಹಾಗೇ ಮಾಡುತ್ತಿದ್ದಳು. ನೆಗಡಿಯ ಗುಳಿಗೆಯನ್ನೂ ತಂದು ನನ್ನ ಕೈಗಿಡುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ಓದಿ, ತಗೋ ಎಂದರೆ ತಗೊಳ್ಳುತ್ತಿದ್ದಳು. ಆಕೆಗಿಂತ ನಾನು ಮೇಲೆಂದು ಅನಿಸುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಮೂರು ವರ್ಷದ ಹಿಂದಿನ ಬೇಸಿಗೆ. ಆಕೆಗೆ ಸೊಂಟದ ಸುತ್ತ ಗಜಕರ್ಣ ಎದ್ದಿತ್ತು. ಮಗಳನ್ನು ದಢೇಸುಗೂರಿಗೆ ಕೊಟ್ಟಿದ್ದಳು. ಅಲ್ಲಿಗೆ ಹೋದಾಗ ಮಗಳು ಸಿಂಧನೂರಿಗೆ ಕರೆದುಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದ್ದಳು. ಮುಲಾಮು, ಜೊತೆಗೆ ಹದಿನೈದು ದಿನದ ಗುಳಿಗೆ. ವಾಪಸು ಬಂದವಳೇ ನಮ್ಮ ಮನೆಗೆ ಬಂದು ಗುಳಿಗೆಯ ಶೀಟು ಕೈಗೆ ಕೊಟ್ಟಳು.

"ನೋಡ್ರಿ ಸರ. ಸಿಟ್ಟಾಗೋ ಪೈಕಿ ಐತೇನು?"

ಆಕೆ ಮಗಳ ಮನೆಗೆ ಹೋಗುವ ಹಿಂದಿನ ದಿನವಷ್ಟೇ ನಾವು ಲಿಂಗಸುಗೂರಿಗೆ ಹೋಗಿ ಬಂದಿದ್ದೆವು. ನನ್ನ ನಂಬರು ನಾಲ್ಕು ಪಾಯಿಂಟ್ ಎರಡು. ಮೊಣಕಾಲಿಗೆಂದು ಯಾರೋ ಕೊಟ್ಟ ಪುಡಿ ತಿಂದಿದ್ದೆ. ಡಾಕ್ಟರು ಕಾಯುತ್ತಿದ್ದ ಇಪ್ಪತ್ತು ಜನರ ಎದುರು ನನಗೆ ಬೈದು, ಆಕೆಯ ಚೀಟಿ ಎತ್ತಿ ತೋರಿಸಿ, "ಓದು ಬರಹ ಬರಂಗಿಲ್ಲ ಇವರಿಗೆ, ನಂಬರ್ ನೋಡ್ರಿ," ಎಂದಿದ್ದರು.

ಗುಳಿಗೆಯ ಹೆಸರು ಓದಿದೆ. ಹಾಳೆ ತೆಗೆಯುವ ಅಗತ್ಯವಿರಲಿಲ್ಲ, ಪಟ್ಟಿ ನನಗೆ ಬಾಯಿಪಾಠವಾಗಿತ್ತು. ಅದು ಮೂರನೆಯ ಸಾಲಿನಲ್ಲಿತ್ತು. ಆಕೆಯ ಮುಖ ನೋಡಿದೆ. ಒಂದೇ ಒಂದು ತಿಂಗಳು ಆಕೆಯ ನಂಬರು ತಪ್ಪಲಿ ಎನಿಸಿತು. ಸಾಯಲಿ ಎಂದಲ್ಲ, ದೇವರಾಣೆ. ಮೂರರ ಮೇಲೆ ಹೋಗಲಿ, ಡಾಕ್ಟರು ಒಂದು ಸಲ ಹುಬ್ಬು ಗಂಟಿಕ್ಕಲಿ, ಆ ಬೆಂಚಿನಲ್ಲಿ ನಾನೊಬ್ಬನೇ ದಡ್ಡನಾಗಿ ಕೂರುವುದು ತಪ್ಪಲಿ. ಅಷ್ಟೇ.

"ಏನಿಲ್ಲ. ತಗೋ," ಎಂದೆ.

ಹನ್ನೊಂದನೆಯ ದಿನ ಆಕೆಯ ಒಸಡಿನಿಂದ ರಕ್ತ ಬರತೊಡಗಿತು. ತೋಳಿನಲ್ಲಿ ಕಪ್ಪು ಕಲೆ, ಮೂತ್ರ ಕೆಂಪು. ಮಗ ಗಾಡಿ ಮಾಡಿಕೊಂಡು ಲಿಂಗಸುಗೂರಿಗೆ ಒಯ್ದ. ಓಣಿಯವರೆಲ್ಲ ಹೊರಗೆ ನಿಂತಿದ್ದರು. ನನ್ನ ಹೆಂಡತಿ ಅಳುತ್ತ ಗಾಡಿ ಹತ್ತಿದಳು. ನಾನು ಹಿಂದಿನಿಂದ ಬಸ್ಸಿಗೆ ಹೋದೆ. ಬಸ್ಸಿನಲ್ಲಿ ನನ್ನ ಎದೆ ಎಷ್ಟು ತಪ್ಪು ತಪ್ಪಾಗಿ ಬಡಿಯಿತೆಂದು ಹೇಳಲಾರೆ.

ನಂಬರು ಏಳರ ಮೇಲಿತ್ತು. ಡಾಕ್ಟರು ಇಂಜೆಕ್ಷನ್ನು ಕೊಟ್ಟು, ರಕ್ತದ ಗುಳಿಗೆ ನಿಲ್ಲಿಸಿ, ಎರಡು ದಿನ ವಾರ್ಡಿನಲ್ಲಿಟ್ಟುಕೊಂಡರು. ನಾನು ಮಂಚದ ಪಕ್ಕ ನಿಂತಿದ್ದೆ. ಸಿಂಧನೂರಿನ ಶೀಟು ಅವರ ಕೈಯಲ್ಲಿತ್ತು.

"ಇದನ್ನ ಸರ ಕಡೆ ಓದಸಲಿಲ್ಲೇನಮ್ಮಾ ನೀವು?"

ಆಕೆ ನನ್ನನ್ನು ನೋಡಲಿಲ್ಲ. "ಇಲ್ರಿ. ಮಗಳ ಮನಿ ಗಡಿಬಿಡ್ಯಾಗ ಮರ್ತೆ. ನಂದ ತಪ್ಪು," ಎಂದಳು.

"ನಿಮ್ಮಂಥವರ ಮರ್ತರ ಹೆಂಗಮ್ಮಾ?" ಎಂದು ಡಾಕ್ಟರು ಆಕೆಗೆ ಬೈದರು. ನಾನು ಬಯಸಿದ್ದು ಕಣ್ಣೆದುರೇ ನಡೆಯಿತು. ಹೇಗೂ ಬಂದಿದ್ದೇನೆಂದು ನನ್ನ ರಕ್ತವನ್ನೂ ತೆಗೆದರು. ಎರಡು ಪಾಯಿಂಟ್ ನಾಲ್ಕು. ಡಾಕ್ಟರು ಬೆನ್ನು ತಟ್ಟಿ, "ಶಭಾಶ್ ಸರ, ಈ ಸಲ ನೀವು ಪಾಸ್," ಎಂದರು. ಹೊರಗೆ ಬಂದು ಔಷಧಿ ಅಂಗಡಿಯ ಪಕ್ಕದ ಗೋಡೆಗೆ ತಲೆ ಇಟ್ಟು ನಿಂತೆ.

ಆಕೆ ಮನೆಗೆ ಬಂದ ಮೇಲೆ ಹೋಗಿ ಹೇಳಿದೆ. ಮಗ ಹೊರಗೆ ಹೋಗಿದ್ದ, ಸೊಸೆ ಒಳಗಿದ್ದಳು. ಆಕೆ ಒಂದು ದಿಂಬಿಗೆ ಹತ್ತಿ ತುಂಬುತ್ತಿದ್ದಳು. ನನಗೆ ಗೊತ್ತಿದ್ದೇ ಹೇಳಿದೆ, ತಪ್ಪಾಯಿತು ಎಂದೆ. ಆಕೆ ಕೈ ನಿಲ್ಲಿಸಲಿಲ್ಲ.

"ದವಾಖಾನ್ಯಾಗ ಮಲಗಿದಾಗ ತಿಳೀತ್ರಿ ಸರ. ಅವತ್ತು ಗುಳಿಗಿ ಓದಿದ ಮ್ಯಾಲ ನೀವು ನನ್ನ ಮುಖ ನೋಡಿದ್ರಿ. ಎಂದೂ ನೋಡಿದವ್ರಲ್ಲ ನೀವು."

"ಡಾಕ್ಟರ್ ಮುಂದೆ ಯಾಕ ಹೇಳ್ಲಿಲ್ಲ?"

"ಅಕ್ಕಾರು ಅಲ್ಲೇ ನಿಂತಿದ್ರಲ್ರಿ." ನನ್ನ ಹೆಂಡತಿಯನ್ನು ಆಕೆ ಅಕ್ಕಾರು ಎನ್ನುತ್ತಿದ್ದಳು. "ಅವರ ಮುಂದ ನಿಮ್ಮ ಮರ್ಯಾದಿ ಯಾಕ ತಗೀಲಿ? ಅವರಿಗೆ ಹೇಳಂಗಿಲ್ರಿ ನಾನು. ಆದ್ರ ಸರ, ಇನ್ನ ಮ್ಯಾಲ ನನ್ನ ಗುಳಿಗಿ ನೀವು ಓದಬ್ಯಾಡ್ರಿ."

ಇದಿಷ್ಟೇ. ಕೂಗಾಡಲಿಲ್ಲ, ಅಳಲಿಲ್ಲ, ಕ್ಷಮಿಸಿದ್ದೇನೆ ಎಂದೂ ಅನ್ನಲಿಲ್ಲ. ಚಹಾ ಕುಡಿದು ಹೋಗಿರೆಂದಳು. ಕುಡಿದೆ.

ಆ ಮೇಲಿನ ಮೂರು ವರ್ಷ ಆಕೆ ಎಂದಿನಂತೆ ಅದೇ ಬಸ್ಸಿಗೆ ಬಂದಳು, ಅದೇ ಬೆಂಚಿಗೆ ಕೂತಳು, ಬುತ್ತಿ ಬಿಚ್ಚಿದರೆ ನನಗೂ ಒಂದು ರೊಟ್ಟಿ ಕೊಟ್ಟಳು. ಆದರೆ ಗುಳಿಗೆಯ ಶೀಟು ಹಿಡಿದು ಬಂದರೆ ನೇರ ಅಡುಗೆ ಮನೆಗೆ, ನನ್ನ ಹೆಂಡತಿಯ ಹತ್ತಿರ. ಅವಳು ಎಸ್ಸೆಸ್ಸೆಲ್ಸಿ ಓದಿದವಳು, ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಇಬ್ಬರೂ ಆ ಹಾಳೆಯನ್ನು ನೆಲದ ಮೇಲೆ ಹರಡಿ, ಬೆರಳಿಟ್ಟು ಒಂದೊಂದೇ ಸಾಲು ಹೋಲಿಸುತ್ತಿದ್ದರು. ಅನುಮಾನ ಬಂದರೆ ಡಾಕ್ಟರಿಗೆ ಫೋನು. ಇದು ಮುಗಿಯಲು ಅರ್ಧ ಗಂಟೆ ಬೇಕು. ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದೆ. ನನ್ನನ್ನು ಕೇಳಿದ್ದರೆ ಅರ್ಧ ನಿಮಿಷದ ಕೆಲಸ.

ಸರ ಯಾಕೆ ಓದುವುದಿಲ್ಲವೆಂದು ಹೆಂಡತಿ ಕೇಳಿದ್ದಕ್ಕೆ ಗಾದಿಯಮ್ಮ, "ಸರಗ ಸಣ್ಣ ಅಕ್ಷರ ಕಾಣವಲ್ವು, ಪಾಪ ಹೇಳಾಕ ನಾಚ್ತಾರ," ಎಂದಿದ್ದಳಂತೆ. ಹೆಂಡತಿ ನನ್ನನ್ನು ಒತ್ತಾಯ ಮಾಡಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಪರೀಕ್ಷೆ ಮಾಡಿ, ಹಳೆಯ ಕನ್ನಡಕವೇ ಸಾಕು ಎಂದರು. ಹೆಂಡತಿ ಕೇಳಲಿಲ್ಲ, ಹೊಸದು ಮಾಡಿಸಿದಳು. ಅದನ್ನು ಹಾಕಿಕೊಂಡು ಈಗ ಇದನ್ನು ಬರೆಯುತ್ತಿದ್ದೇನೆ.

ಈ ಮೂರು ವರ್ಷ ನನ್ನ ಹೊಟ್ಟೆಕಿಚ್ಚು ಕಡಿಮೆಯಾಯಿತೆಂದು ತಿಳಿಯಬೇಡಿ, ಜಾಗ ಬದಲಿಸಿತು, ಅಷ್ಟೇ. ನಂಬರಿನ ಬಗ್ಗೆ ಅಸೂಯೆ ಉಳಿಯಲಿಲ್ಲ. ಹೆಂಡತಿ ಗಾದಿಯಮ್ಮನಿಂದ ಕಲಿತು ನನಗೂ ದಿನಾ ಒಂದೇ ಹಿಡಿ ಸೊಪ್ಪು ಹಾಕತೊಡಗಿದ ಮೇಲೆ ನನ್ನದೂ ಎರಡು ಮೂರರ ನಡುವೆ ನಿಂತಿತು. ಈಗ ನಾನು ಹೆಂಡತಿಯ ಮೇಲೆ ಉರಿಯುತ್ತಿದ್ದೆ. ಅಡುಗೆ ಮನೆಯಿಂದ ಅವರಿಬ್ಬರ ನಗು ಕೇಳಿದರೆ ಪೇಪರಿನ ಅಕ್ಷರ ನಿಜಕ್ಕೂ ಕಾಣುತ್ತಿರಲಿಲ್ಲ. ಅಕ್ಷರ ಕೂಡಿಸಿ ಓದುವವಳನ್ನು ಆಕೆ ಕಣ್ಣು ಮುಚ್ಚಿ ನಂಬುತ್ತಿದ್ದಳು. ನನ್ನ ಕೈಗೆ ಒಂದು ನೆಗಡಿಯ ಗುಳಿಗೆಯನ್ನೂ ಕೊಡುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಆಕೆ ದಢೇಸುಗೂರಿಗೆ ಹೋಗಿ ಒಂದು ವಾರ ಇದ್ದು ಬಂದಳು. ಬರುವಾಗ ಜ್ವರ, ಕೆಮ್ಮು. ಬಂದ ದಿನ ಸಂಜೆ ನಮ್ಮ ಗೇಟಿನ ಹತ್ತಿರ ನಿಂತು ಉಸಿರು ಸುಧಾರಿಸಿಕೊಂಡು ಕೇಳಿದಳು, "ಅಕ್ಕಾರು ಅದಾರೇನ್ರಿ ಸರ?"

"ಪಾಮನಕಲ್ಲೂರಿಗೆ ಹೋಗ್ಯಾಳ, ತವರಿಗೆ. ನಾಡಿದ್ದು ಬರ್ತಾಳ."

ಕೈಯಲ್ಲಿ ಶೀಟಿತ್ತು. ಸಿಂಧನೂರಿನ ಡಾಕ್ಟರು ಕಫಕ್ಕೆ ಕೊಟ್ಟದ್ದು ಎಂದಳು. ನಾನು ಗೇಟಿನ ಮೇಲಿನಿಂದ ಕೈ ಚಾಚಿದೆ.

"ಕೊಡು, ನೋಡ್ತೀನಿ."

ಆಕೆ ನನ್ನ ಕೈ ನೋಡಿದಳು. ಶೀಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಇರ್ಲಿ ಬಿಡ್ರಿ. ಅಕ್ಕಾರು ಬರ್ಲಿ. ನಾಡಿದ್ದೇನು ದೂರಿಲ್ಲ."

ಫೋನು ನನ್ನ ಜೇಬಿನಲ್ಲಿತ್ತು. ಹೆಂಡತಿಗೆ ಫೋನು ಹಚ್ಚಿ ಆಕೆಯ ಕೈಗೆ ಕೊಡಬಹುದಿತ್ತು. ಶೀಟಿನ ಫೋಟೋ ತೆಗೆದು ಡಾಕ್ಟರಿಗೇ ಕಳಿಸಬಹುದಿತ್ತು. ಎರಡೂ ಆ ಕ್ಷಣದಲ್ಲೇ ನನ್ನ ತಲೆಗೆ ಬಂದಿದ್ದವು, ಆಮೇಲೆ ಹೊಳೆದವಲ್ಲ. ಆದರೆ ಚಾಚಿದ ಕೈ ಹಾಗೇ ಉಳಿದಿತ್ತು, ನನಗೆ ಒಳಗೆ ಧಗಧಗ ಉರಿಯುತ್ತಿತ್ತು. ನಿನ್ನ ಅಕ್ಕಾರೇ ಬರಲಿ ಹಾಗಾದರೆ, ಎಂದುಕೊಂಡೆ. ಆಕೆ ಗೋಡೆ ಹಿಡಿದುಕೊಂಡು ನಿಧಾನ ಮನೆಗೆ ಹೋದಳು.

ಮೂರನೆಯ ದಿನ ಬೆಳಿಗ್ಗೆ ಉಸಿರು ಕಟ್ಟಿತು. ಲಿಂಗಸುಗೂರು ಮುಟ್ಟುವವರೆಗೂ ಮಾತಾಡುತ್ತಿದ್ದಳಂತೆ. ಎದೆಯಲ್ಲಿ ಕಫ ತುಂಬಿ ಹೃದಯಕ್ಕೆ ತಾಳಲಾಗಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಅಲ್ಲಿ ತೆಗೆದ ರಕ್ತದಲ್ಲಿ ನಂಬರು ಎರಡೂವರೆ ಇತ್ತೆಂದು ಡಾಕ್ಟರು ಆಮೇಲೆ ನನಗೆ ಹೇಳಿದರು. "ಎರಡು ದಿನ ಮೊದ್ಲು ಆ ಗುಳಿಗಿ ಶುರು ಮಾಡಿದ್ರ ಒಂದು ಕೈ ನೋಡಬಹುದಿತ್ತು ಸರ. ಅದು ಪಟ್ಟಿಯೊಳಗೂ ಇರ್ಲಿಲ್ಲ," ಎಂದರು.

ಹೆಂಡತಿ ಪಾಮನಕಲ್ಲೂರಿನಿಂದ ಬಸ್ಸಿಳಿದವಳು ನೇರ ಮಯ್ಯತ್ತಿನ ಮನೆಗೆ ಹೋದಳು. ದಢೇಸುಗೂರಿನಿಂದ ಬಂದ ಮಗಳು ಅವಳನ್ನು ಅಪ್ಪಿಕೊಂಡು ಅತ್ತಳಂತೆ. "ಅಕ್ಕಾರು ಬಂದು ಓದಿ ಹೇಳ್ಲಿ ಅಂತ ಒಂದು ಗುಳಿಗೀನೂ ಬಾಯಾಗ ಹಾಕ್ಲಿಲ್ರಿ ಅಮ್ಮ. ಶೀಟು ಹಂಗ ಐತಿ ನೋಡ್ರಿ."

ಸಂಜೆ ಮನೆಗೆ ಬಂದ ಹೆಂಡತಿ ಕಾಲು ತೊಳೆದು ಬಂದು ನನ್ನ ಎದುರು ಕೂತಳು.

"ನಾ ಇಲ್ಲದಾಗ ಆಕಿ ನಮ್ಮನಿಗೆ ಬಂದಿದ್ಲೇನ್ರಿ?"

"ಇಲ್ಲ," ಎಂದೆ.

ಅವಳು ಮತ್ತೆ ಕೇಳಲಿಲ್ಲ. ತಾನು ಫೋನು ಮಾಡಿ ವಿಚಾರಿಸಬೇಕಿತ್ತು, ಆಕೆ ಊರಿಗೆ ಬಂದದ್ದೇ ತನಗೆ ತಿಳಿಯಲಿಲ್ಲ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತ ಇಷ್ಟು ದಿನ ಕಳೆದಳು. ಮೊನ್ನೆ ನಲವತ್ತನೆಯ ದಿನದ ಊಟಕ್ಕೆ ಹೋಗಿ ಬಂದು, "ನಾ ಒಂದು ದಿನ ಮೊದ್ಲು ಬರಬೇಕಿತ್ರೀ, ನನ್ನಿಂದ ಸತ್ಲು ಆಕಿ," ಎಂದು ಊಟ ಬಿಟ್ಟು ಮಲಗಿದಳು. ಅದನ್ನು ನೋಡಲಾಗದೆ ಇದನ್ನು ಬರೆಯಲು ಕೂತೆ.

ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ನನ್ನ ಹೆಂಡತಿ. ಅವಳು ಅಡುಗೆ ಮನೆಯಲ್ಲಿದ್ದಾಳೆ, ಪಾತ್ರೆ ತೊಳೆಯುತ್ತಿದ್ದಾಳೆ. ಈ ಹಾಳೆಗಳನ್ನು ಜೋಡಿಸಿ ಅವಳ ಕನ್ನಡಕದ ಕೆಳಗೆ ಇಡುತ್ತೇನೆ. ನೀರಿನ ಸಪ್ಪಳ ಈಗ ನಿಂತಿತು.